ರೆವರೆಂಡ್ ಕಿಟ್ಟೆಲ್ : ಮಡಿಕೇರಿಯಿಂದ ಗಣಕಯಂತ್ರದವರೆಗೆ

ಭಾಷೆಯ ಸೇವೆ ಮಾಡಿದವರಲ್ಲಿ ಕವಿಗೆ ಸಲ್ಲುವ ಗೌರವ ನಿಘಂಟುಕಾರನಿಗೆ ಸಲ್ಲುವುದು ಅಪರೂಪ. ಕವಿಯ ಪದ್ಯ ಜನರ ನಾಲಗೆಯ ಮೇಲೆ ಉಳಿಯುತ್ತದೆ. ನಿಘಂಟುಕಾರನ ಶ್ರಮವಾದರೋ ಬೇಕಾದ ಪದ ದೊರೆತ ಮರುಕ್ಷಣವೇ ಪುಸ್ತಕದೊಡನೆ ಮುಚ್ಚಿಹೋಗುತ್ತದೆ. ಈ ಮಾತಿಗೆ ಕನ್ನಡ ನಾಡಿನಲ್ಲಿ ಒಂದು ದೊಡ್ಡ ಅಪವಾದವುಂಟು. ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರ ಹೆಸರನ್ನು ಅವರ ನಿಘಂಟನ್ನು ಒಮ್ಮೆಯೂ ತೆರೆಯದವರು ಸಹ ಬಲ್ಲರು. ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಂತಿದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಆದರೆ ಅವರು ನಮ್ಮ ಮಡಿಕೇರಿಯಲ್ಲಿ ಕೆಲವು ವರ್ಷ ನೆಲಸಿದ್ದರೆಂಬುದು, ಇಲ್ಲಿಂದಲೇ ಲಿಂಗಾಯತ ಪುರಾಣಕಥೆಗಳನ್ನೂ ಕೊಡಗಿನ ಜನಪದ ನಂಬಿಕೆಗಳನ್ನೂ ಕುರಿತು ಲೇಖನಗಳನ್ನು ಬರೆದು ವಿದ್ವತ್ಪತ್ರಿಕೆಗೆ ಕಳುಹಿಸುತ್ತಿದ್ದರೆಂಬುದು ಕೊಡಗಿನವರಾದ ನಮ್ಮಲ್ಲೇ ಅನೇಕರಿಗೆ ತಿಳಿಯದು.

ಈ ಸಂಚಿಕೆಗಾಗಿ ಅವರ ಚರಿತ್ರೆಯನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಶಾಲೆಯ ವ್ಯಾಸಂಗ ಮುಗಿಸಿ ವಿಶ್ವವಿದ್ಯಾನಿಲಯಗಳನ್ನು ಸೇರುವ ನಮ್ಮ ವಿದ್ಯಾರ್ಥಿಗಳಲ್ಲಿ ಗಣಕಶಾಸ್ತ್ರವನ್ನು ಹಿಡಿಯುವವರೇ ಈಗ ಹೆಚ್ಚು. ಅವರ ಪಠ್ಯಕ್ರಮದಲ್ಲಿ ಗಣಕ ಭಾಷಾವಿಜ್ಞಾನವೆಂಬ ವಿಷಯವೊಂದು ಸೇರಿಕೊಂಡಿದೆ. ಮನುಷ್ಯರ ಭಾಷೆಯನ್ನು ಯಂತ್ರವು ಬಿಡಿಸಿ ನೋಡುವಂತೆ, ವಿಂಗಡಿಸುವಂತೆ, ಮರಳಿ ರಚಿಸುವಂತೆ ಮಾಡಲು ಬೇಕಾದ ನಿಯಮಗಳನ್ನೂ ಎಣಿಕೆಗಳನ್ನೂ ಅಭ್ಯಸಿಸುವ ಶಾಸ್ತ್ರ ಅದು. ಆಂಗ್ಲ ಪುಸ್ತಕಗಳಿಂದ ಅದನ್ನು ಕಲಿಯುವ ತರುಣನಿಗೆ, ಅದರ ಮೂಲಸಾಮಗ್ರಿಯನ್ನು ನೂರೈವತ್ತು ವರ್ಷಗಳ ಹಿಂದೆಯೇ ಕನ್ನಡಕ್ಕಾಗಿ ಸಿದ್ಧಪಡಿಸಲು ತೊಡಗಿದ ಒಬ್ಬ ವಿದ್ವಾಂಸನು ತನ್ನ ಜಿಲ್ಲೆಯ ಮುಖ್ಯಪಟ್ಟಣದಲ್ಲಿ ವಾಸಿಸಿದ್ದನೆಂದು ಯಾರೂ ಹೇಳುವುದಿಲ್ಲ. ಆದುದರಿಂದ ಜೀವನಚರಿತ್ರೆಯನ್ನೂ ಶಾಸ್ತ್ರಪರಿಚಯವನ್ನೂ ಒಂದೇ ದಾರದಲ್ಲಿ ಕೋಯುವ ಸಾಹಸವನ್ನು ಇಲ್ಲಿ ಮಾಡಿದ್ದೇನೆ.

ಕಿಟ್ಟೆಲರು 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ತಂದೆ ಪಾದ್ರಿಗಳು. ವಿಲಿಯಂ ರೀವ್ ಸಿದ್ಧಪಡಿಸಿದ ಕರ್ಣಾಟಕ ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಅಚ್ಚಾದುದು ಅದೇ 1832ರಲ್ಲಿ. ಆ ನಿಘಂಟನ್ನು ಮುಂದೆ ಮೂಲೆಗೆ ಸರಿಸಲಿದ್ದ ವ್ಯಕ್ತಿ ಅದೇ ವರ್ಷ ಹುಟ್ಟಿದುದು ಕೇವಲ ಕಾಕತಾಳೀಯವಾದರೂ ನೆನೆಯಲು ಸೊಗಸಾಗಿದೆ. ಬಾಲ್ಯದಲ್ಲಿಯೇ ಅವರು ಹೀಬ್ರೂ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳನ್ನು ಅಭ್ಯಸಿಸಿದರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿ, 1853ರಲ್ಲಿ ಇಪ್ಪತ್ತೊಂದರ ಪ್ರಾಯದಲ್ಲಿ ಭಾರತಕ್ಕೆ ಬಂದರು.

ಬಂದ ಉದ್ದೇಶ ಮತಪ್ರಚಾರ. ಅದನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಆದರೆ ಈ ತರುಣ ಪಾದ್ರಿಗೆ ಬಹುಬೇಗ ಒಂದು ಸಂಗತಿ ಹೊಳೆಯಿತು. ಜನರ ಭಾಷೆಯನ್ನು ವ್ಯಾಪಾರದ ಮಟ್ಟಕ್ಕೆ ಕಲಿತರೆ ಸಾಲದು. ಅವರ ಕಾವ್ಯವನ್ನೂ ಛಂದಸ್ಸನ್ನೂ ವ್ಯಾಕರಣವನ್ನೂ ಪಂಡಿತರ ಪದತಲದಲ್ಲಿ ಕುಳಿತು ಕಲಿಯಬೇಕು. ಹುಬ್ಬಳ್ಳಿ ಧಾರವಾಡಗಳ ಸೀಮೆಯಲ್ಲಿ ಸಂಚರಿಸಿ, ಹಳ್ಳಿಯವರ ಆಡುನುಡಿಯನ್ನೂ ವಿದ್ವಾಂಸರ ಗ್ರಂಥಭಾಷೆಯನ್ನೂ ಏಕಕಾಲಕ್ಕೆ ಸಂಗ್ರಹಿಸತೊಡಗಿದರು. ಸಾಹಿತ್ಯದಲ್ಲಿ ಅವರು ಹೀಗೆ ಮುಳುಗಿಹೋದುದು ಮಿಷನ್ನಿನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಹಿಡಿಸಲಿಲ್ಲ. ಕೊನೆಯವರೆಗೂ ಅವರು ತಮ್ಮವರ ನಡುವೆಯೇ ಕೊಂಚ ಹೊರಗಿನವರಾಗಿ ಉಳಿದರು. ಮಂಗಳೂರಿಗೆ ಬಂದ ಮೇಲೆ ಅಲ್ಲಿನ ಮಿಷನ್ ಮುದ್ರಣಾಲಯದ ಸಾನ್ನಿಧ್ಯ ಅವರಿಗೆ ದೊರೆಯಿತು. 1862ರಲ್ಲಿ ಏಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ ಕಥಾಮಾಲೆಯನ್ನು ಪ್ರಕಟಿಸಿದರು. ಗೃಹಜೀವನದಲ್ಲಿ ದುಃಖವೂ ಬಂದಿತು. 1860ರಲ್ಲಿ ವಿವಾಹವಾಗಿದ್ದ ಪತ್ನಿ ಪೌಲೀನ್ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ಸೋದರಿಯನ್ನು ಅವರು ವರಿಸಿದರು.

ಇನ್ನು ಕೊಡಗಿನ ಪ್ರಸ್ತಾಪಕ್ಕೆ ಬರೋಣ. ಹಾಲೇರಿಯ ಅರಸರು ಲಿಂಗಾಯತರು. ಅವರ ಆಸ್ಥಾನದ ಭಾಷೆ ಕನ್ನಡ. ದೊಡ್ಡವೀರರಾಜೇಂದ್ರನ ಕಾಲದಲ್ಲಿ ಸಿದ್ಧವಾದ ರಾಜೇಂದ್ರನಾಮೆ ಕನ್ನಡ ಗದ್ಯದಲ್ಲಿದೆ. 1834ರಲ್ಲಿ ರಾಜ್ಯವು ಆಂಗ್ಲರ ವಶವಾದ ಬಳಿಕವೂ ಕಚೇರಿ ಮತ್ತು ಶಾಲೆಗಳಲ್ಲಿ ಕನ್ನಡ ನಿಂತಿತು. ಮನೆಯಂಗಳದಲ್ಲಿ ಕೊಡವತಕ್ಕ್, ಸಂತೆಯಲ್ಲಿ ಕನ್ನಡ, ಗಡಿಗಳ ಕಡೆಗೆ ತುಳು ಮತ್ತು ಮಲಯಾಳ, ಕಾಡಿನಂಚಿನಲ್ಲಿ ಕುರುಬರ ಮತ್ತು ಯರವರ ನುಡಿಗಳು: ದ್ರಾವಿಡ ಭಾಷೆಗಳ ಸಂಬಂಧವನ್ನು ಕಿವಿಯಿಂದಲೇ ಕಲಿಯಬಯಸುವವನಿಗೆ ಇದಕ್ಕಿಂತ ಅನುಕೂಲವಾದ ನೆಲ ದೊರೆಯದು. ಕಿಟ್ಟೆಲರಿಗಿಂತ ಮೊದಲೇ ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗರು 1853ರಲ್ಲಿ ಕೊಡಗಿಗೆ ಬಂದು ಆನಂದಪುರದ ನೆಲೆಯನ್ನು ಸ್ಥಾಪಿಸಿದ್ದರು. 1855ರಲ್ಲಿ ಕೊಡಗಿನ ಚರಿತ್ರೆಯನ್ನು ಆಂಗ್ಲಭಾಷೆಯಲ್ಲಿ ಬರೆದರು. ಮಡಿಕೇರಿಯ ಸೆಂಟ್ರಲ್ ಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ರಿಕ್ಟರ್ ಅವರು 1870ರಲ್ಲಿ ಕೊಡಗಿನ ಕೈಪಿಡಿಯನ್ನು ಹೊರತಂದಿದ್ದರು. ಕೊಡಗಿನ ಸೂಪರಿಂಟೆಂಡೆಂಟರಾಗಿದ್ದ ಕ್ಯಾಪ್ಟನ್ ಕೋಲ್ 1867ರಲ್ಲಿಯೇ ಕೊಡವ ಭಾಷೆಗೆ ಒಂದು ಕಿರು ವ್ಯಾಕರಣವನ್ನು ಬರೆದಿದ್ದರು.

1872ರಲ್ಲಿ ಮುಂಬಯಿಯಿಂದ ಇಂಡಿಯನ್ ಆಂಟಿಕ್ವೆರಿ ಎಂಬ ಮಾಸಪತ್ರಿಕೆ ಆರಂಭವಾಯಿತು. ಅದರ ಮೊದಲ ಸಂಪುಟದಲ್ಲಿಯೇ ಸಂಸ್ಕೃತ ನಿಘಂಟುಗಳಲ್ಲಿರುವ ದ್ರಾವಿಡ ಅಂಶವನ್ನು ಕುರಿತ ಕಿಟ್ಟೆಲರ ಲೇಖನವಿದೆ. ಮುಂದಿನ ವರ್ಷ ಕೊಡಗಿನ ಮೂಢನಂಬಿಕೆಗಳು; 1875ರಲ್ಲಿ ಏಳು ಲಿಂಗಾಯತ ಕಥೆಗಳು ಮತ್ತು ಹಳಗನ್ನಡ ಸಾಹಿತ್ಯ. ಈ ಲೇಖನಗಳಲ್ಲಿ ಅವರ ಹೆಸರಿನ ಪಕ್ಕದಲ್ಲಿ ಮರ್ಕೆರಾ ಎಂದು ಅಚ್ಚಾಗಿದೆ. ದಕ್ಷಿಣದ ಮಾತುಗಳು ಸಂಸ್ಕೃತಕ್ಕೆ ಹೋಗಿ ಸೇರಿವೆ ಎಂಬ ವಾದವನ್ನು ಆ ಕಾಲದಲ್ಲಿ ಉದಾಹರಣೆಗಳೊಡನೆ ಮಂಡಿಸುವುದು ಸಣ್ಣ ಧೈರ್ಯವಲ್ಲ. ಸಂಸ್ಕೃತವೇ ಎಲ್ಲಕ್ಕೂ ಮೂಲವೆಂದು ನಂಬಿದ್ದ ನಮ್ಮ ಪಂಡಿತರಿಗೂ, ಆರ್ಯಭಾಷೆಗಳ ಮೋಹದಲ್ಲಿದ್ದ ಯುರೋಪಿನ ಪಂಡಿತರಿಗೂ ಅದು ರುಚಿಸುವ ಮಾತಾಗಿರಲಿಲ್ಲ. ಲಿಂಗಾಯತ ಕಥೆಗಳನ್ನು ಅವರು ನೋಡಿದುದು ಹೊರಗಿನವರ ಕಣ್ಣಿನಿಂದ, ಕೆಲವೆಡೆ ಪಾದ್ರಿಯ ಕಣ್ಣಿನಿಂದ. ಶರಣರ ಅನುಭಾವವನ್ನು ಅವರಿಂದ ನಾವು ಕಲಿಯಬೇಕಾಗಿಲ್ಲ. ಆದರೆ ಬಸವಪುರಾಣದಂತಹ ಗ್ರಂಥವನ್ನು ಅವರು ಪದಪದವಾಗಿ ಓದಿದ ಶ್ರದ್ಧೆ ನಮ್ಮಲ್ಲಿ ಎಷ್ಟು ಮಂದಿಗಿದೆಯೆಂದು ಕೇಳಿಕೊಂಡರೆ ತಪ್ಪಾಗದು.

ಅದೇ 1872ರಲ್ಲಿ ಎರಡು ದೊಡ್ಡ ಘಟನೆಗಳು ನಡೆದವು. ಮೊದಲನೆಯದು ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲರು ಸಂಪಾದಿಸಿ ಮಂಗಳೂರಿನಲ್ಲಿ ಪ್ರಕಟಿಸಿದುದು. ಎರಡನೆಯದು ಕನ್ನಡ ಇಂಗ್ಲಿಷ್ ನಿಘಂಟೊಂದನ್ನು ಹೊಸದಾಗಿ ರಚಿಸುವ ಹೊಣೆ ಅವರ ಹೆಗಲೇರಿದುದು. ಒಂದು ವ್ಯಾಕರಣ, ಮತ್ತೊಂದು ನಿಘಂಟು. ಗಣಕ ಭಾಷಾವಿಜ್ಞಾನಕ್ಕೂ ಇವೇ ಎರಡು ಕಾಲುಗಳು. ಇಲ್ಲಿ ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ಸುಮಾರು 1260ರಲ್ಲಿದ್ದ ಕೇಶಿರಾಜನು ಸಂಧಿಕಾರ್ಯವನ್ನು ಲೋಪ, ಆಗಮ, ಆದೇಶಗಳೆಂದು ವಿಂಗಡಿಸುತ್ತಾನೆ. ನಮ್ಮ ಶಾಲೆಯ ಎಂಟನೆಯ ತರಗತಿಯ ಬಾಲಕನೂ ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಎಂದಾಗುವಾಗ ಉಕಾರ ಲೋಪವಾಯಿತೆಂದೂ, ಮನೆ ಮತ್ತು ಅನ್ನು ಸೇರಿ ಮನೆಯನ್ನು ಎಂದಾಗುವಾಗ ಯಕಾರ ಬಂದಿತೆಂದೂ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಎಂದಾಗುವಾಗ ತಕಾರಕ್ಕೆ ದಕಾರ ಆದೇಶವಾಯಿತೆಂದೂ ಹೇಳಬಲ್ಲನು. ಇವನ ದಾರಿ ಬಿಡಿಯಿಂದ ಇಡಿಗೆ. ಯಂತ್ರಕ್ಕೆ ಬೇಕಾದುದು ಇದರ ತಿರುವುಮುರುವು. ಅದರ ಮುಂದೆ ಬಂದು ನಿಲ್ಲುವುದು ಇಡಿಯಾದ ಪದ. ಅದರ ಬಿಡಿಭಾಗಗಳನ್ನು ಅದು ಕಂಡುಹಿಡಿಯಬೇಕು. ಕೊಡಗಿನವರಿಗೂ ಎಂಬ ಒಂದೇ ಪದವನ್ನು ಎದುರಿಸಿದ ಯಂತ್ರವು ಕೊನೆಯಿಂದ ಆರಂಭಿಸಿ ಊ ಎಂಬ ಅವ್ಯಯವನ್ನು ಕಳಚಬೇಕು, ಬಳಿಕ ಗೆ ಎಂಬ ವಿಭಕ್ತಿಯನ್ನು, ಬಳಿಕ ಅವರು ಎಂಬ ಸರ್ವನಾಮವನ್ನು, ಬಳಿಕ ಇನ ಎಂಬ ಷಷ್ಠಿಯ ಗುರುತನ್ನು. ಇಷ್ಟೂ ಕಳಚಿದ ಮೇಲೆ ಉಳಿದ ತುಂಡಿಗೆ ಬಿದ್ದುಹೋದ ಉಕಾರವನ್ನು ಮರಳಿ ಸೇರಿಸಿ ಕೊಡಗು ಎಂಬ ಪ್ರಕೃತಿಯನ್ನು ನಿಘಂಟಿನಲ್ಲಿ ಹುಡುಕಬೇಕು. ನಿಘಂಟಿನಲ್ಲಿ ಅದು ದೊರೆತರೆ ಬಿಡಿಸಿದುದು ಸರಿ. ದೊರೆಯದಿದ್ದರೆ ಬೇರೆ ಕಡೆ ಕತ್ತರಿಸಿ ಮತ್ತೆ ನೋಡಬೇಕು. ಕಾಲಲ್ಲಿ ಎಂಬುದರ ಪ್ರಕೃತಿ ಕಾಲು. ಕಾಲದಲ್ಲಿ ಎಂಬುದರದು ಕಾಲ. ನಡುವೆ ಬಂದ ಒಂದು ದಕಾರ ದೇಹದ ಅಂಗವನ್ನೂ ಸಮಯವನ್ನೂ ಬೇರ್ಪಡಿಸುತ್ತದೆ. ಈ ಸೂಕ್ಷ್ಮವನ್ನು ನಾವು ಯೋಚಿಸದೆಯೇ ಅರಿಯುತ್ತೇವೆ; ಯಂತ್ರಕ್ಕೆ ಬರೆದು ಕೊಡಬೇಕಾಗುತ್ತದೆ.

ಫಿನ್ಲೆಂಡಿನ ಕಿಮ್ಮೊ ಕೊಸ್ಕೆನ್ನಿಯೆಮಿ ಎಂಬ ವಿದ್ವಾಂಸನು 1983ರಲ್ಲಿ ತನ್ನ ಭಾಷೆಗಾಗಿ ಇಂತಹ ಬಿಡಿಸುವ ವಿಧಾನವೊಂದನ್ನು ರೂಪಿಸಿದನು. ಒಂದೇ ನಿಯಮಸಮೂಹವು ಪದವನ್ನು ಕಟ್ಟಲೂ ಬರುತ್ತದೆ, ಬಿಡಿಸಲೂ ಬರುತ್ತದೆ ಎಂಬುದು ಅದರ ಚೆಲುವು. ಫಿನ್ನಿಷ್ ಭಾಷೆಯೂ ಕನ್ನಡದಂತೆ ಪ್ರತ್ಯಯಗಳನ್ನು ಸಾಲಾಗಿ ಅಂಟಿಸುವ ಭಾಷೆ. ಇಂಗ್ಲಿಷಿನಂತಹ ಪ್ರತ್ಯಯದಾರಿದ್ರ್ಯದ ಭಾಷೆಗೆ ಈ ಕಷ್ಟ ಅಷ್ಟಾಗಿ ತಟ್ಟುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಇಂಗ್ಲಿಷಿನ ಮಾದರಿಗಳನ್ನಷ್ಟೇ ಓದಿ ಕನ್ನಡಕ್ಕೆ ಅನ್ವಯಿಸಹೊರಟಾಗ ಮುಗ್ಗರಿಸುವುದು ಇಲ್ಲಿಯೇ. ಕನ್ನಡದ ಒಂದು ಧಾತುವಿನಿಂದ ಕಾಲ, ಪುರುಷ, ನಿಷೇಧ, ಪ್ರೇರಣೆ, ಕೃದಂತ, ಅವ್ಯಯಗಳ ಕೂಟದಿಂದ ಹುಟ್ಟಬಹುದಾದ ರೂಪಗಳು ಸಾವಿರಾರು. ಅಷ್ಟನ್ನೂ ಪಟ್ಟಿಮಾಡುವವನು ಪಟ್ಟಿಯಲ್ಲಿಯೇ ಮುಳುಗುತ್ತಾನೆ. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಸಂಸ್ಕೃತವನ್ನು ಹಿಡಿದಿಟ್ಟ ಪಾಣಿನಿಯನ್ನು ಗಣಕಶಾಸ್ತ್ರಜ್ಞರು ಇಂದು ಭಕ್ತಿಯಿಂದ ಸ್ಮರಿಸುವುದು ಈ ಕಾರಣದಿಂದ. ಕೇಶಿರಾಜನಿಗೂ ಅದೇ ಪಂಕ್ತಿಯಲ್ಲಿ ಒಂದು ಮಣೆ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಈಗ ಎರಡನೆಯ ಕಾಲು, ನಿಘಂಟು. ಕಿಟ್ಟೆಲರು ಹಿಡಿದ ಕ್ರಮ ಅಂದಿನ ನಮ್ಮ ನಾಡಿಗೆ ಹೊಸದು. ಅಮರಕೋಶದ ಪರಂಪರೆಯಲ್ಲಿ ಪದಕ್ಕೆ ಪರ್ಯಾಯಪದಗಳೇ ಅರ್ಥ. ಕಿಟ್ಟೆಲರಿಗೆ ಅದು ಸಾಲಲಿಲ್ಲ. ಈ ಪದ ಎಲ್ಲಿ ಬಂದಿದೆ, ಯಾರು ಬಳಸಿದ್ದಾರೆ, ಯಾವ ಪದಗಳ ನೆರೆಯಲ್ಲಿ ನಿಂತಾಗ ಯಾವ ಅರ್ಥ ಕೊಡುತ್ತದೆ ಎಂಬುದಕ್ಕೆ ಆಧಾರ ಬೇಕು. ಬಸವಪುರಾಣ, ಜೈಮಿನಿ ಭಾರತ, ಶಬ್ದಮಣಿದರ್ಪಣ, ದಾಸರ ಪದಗಳು, ಗಾದೆಗಳು, ಮೈಸೂರಿನ ಮತ್ತು ದಕ್ಷಿಣ ಮರಾಠಾ ಸೀಮೆಯ ಆಡುಮಾತು ಇವೆಲ್ಲವನ್ನೂ ಸೋಸಿ ಪದಕ್ಕೆ ಆಕರವನ್ನು ಸಂಕ್ಷಿಪ್ತಾಕ್ಷರದಲ್ಲಿ ಗುರುತಿಸಿದರು. ತಮಿಳು, ತೆಲುಗು, ಮಲಯಾಳ, ತುಳುಗಳ ಸಮಾನಪದಗಳನ್ನು ಪಕ್ಕದಲ್ಲಿ ಇಟ್ಟರು. ಮಲಯಾಳಕ್ಕೆ ಅವರದೇ ಮಿಷನ್ನಿನ ಗುಂಡರ್ಟರ ನಿಘಂಟು ಅದೇ 1872ರಲ್ಲಿ ಸಿದ್ಧವಾಗಿತ್ತು. ದೇಶೀಯ ಪಂಡಿತರ ನೆರವಿಲ್ಲದೆ ಇದಾವುದೂ ಆಗುತ್ತಿರಲಿಲ್ಲ. ತಾಳೆಗರಿಗಳನ್ನು ಹಿಡಿದು ಸಂದೇಹಗಳನ್ನು ಬಿಡಿಸಿಕೊಟ್ಟ ಅಂತಹವರ ಹೆಸರನ್ನು ಪ್ರತಿಮೆಗಳು ಹೇಳುವುದಿಲ್ಲ.

ಆಧಾರವಾಕ್ಯಗಳ ಇಂತಹ ರಾಶಿಗೆ ಇಂದಿನ ಶಾಸ್ತ್ರದಲ್ಲಿ ಪಠ್ಯಸಂಚಯವೆಂದು ಹೆಸರು. ಇಟಲಿಯ ರಾಬರ್ಟೊ ಬುಸಾ ಎಂಬ ಪಾದ್ರಿ 1949ರಲ್ಲಿ ಸಂತ ತೋಮಸ್ ಅಕ್ವಿನಾಸನ ಲ್ಯಾಟಿನ್ ಗ್ರಂಥಗಳ ಪ್ರತಿಯೊಂದು ಪದವನ್ನೂ ರಂಧ್ರಗಳಿರುವ ಕಾರ್ಡುಗಳಿಗೆ ಇಳಿಸುವ ಕೆಲಸವನ್ನು ಆರಂಭಿಸಿದನು. ಅದು 56 ಸಂಪುಟಗಳಾಗಿ ಅಚ್ಚಾಗಲು ಮೂವತ್ತು ವರ್ಷ ಹಿಡಿಯಿತು. ಅಮೆರಿಕೆಯ ಬ್ರೌನ್ ವಿಶ್ವವಿದ್ಯಾನಿಲಯದವರು 1961ರಲ್ಲಿ ಅಚ್ಚಾದ ಇಂಗ್ಲಿಷ್ ಬರಹಗಳಿಂದ ಹತ್ತು ಲಕ್ಷ ಪದಗಳ ಸಂಚಯವನ್ನು ಯಂತ್ರಕ್ಕೆ ಊಡಿಸಿದರು. ಭಾರತದಲ್ಲಿ 1969ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಕನ್ನಡದ ಲಕ್ಷಾಂತರ ಪದಗಳ ಸಂಚಯವನ್ನು ಕೂಡಿಹಾಕಿದೆ. ಶರಣರ ವಚನಗಳು ಸರ್ಕಾರದಿಂದ 15 ಸಂಪುಟಗಳಲ್ಲಿ ಪ್ರಕಟವಾದ ಮೇಲೆ ಗಣಕರೂಪಕ್ಕೂ ಬಂದು, ಯಾವ ಪದ ಯಾರ ಯಾವ ವಚನದಲ್ಲಿ ಎಷ್ಟು ಬಾರಿ ಬಂದಿದೆಯೆಂದು ಕ್ಷಣಮಾತ್ರದಲ್ಲಿ ತಿಳಿಯುವಂತಾಗಿದೆ. ಹಿಂದೆ ಅದಕ್ಕೆ ಒಬ್ಬ ಪಂಡಿತನ ಅರ್ಧ ಆಯುಷ್ಯ ಬೇಕಾಗುತ್ತಿತ್ತು.

ಸಂಚಯ ಏಕೆ ಬೇಕು? ಪದಗಳು ದ್ವಂದ್ವಾರ್ಥವನ್ನು ಹೊತ್ತು ತಿರುಗುವುದರಿಂದ. ಹತ್ತು ಎಂಬುದು ಸಂಖ್ಯೆಯೂ ಹೌದು, ಮೇಲೇರುವ ಕ್ರಿಯೆಯೂ ಹೌದು. ಅರಸು ಎಂಬುದು ರಾಜನೂ ಹೌದು, ಹುಡುಕಾಟವೂ ಹೌದು. ಪಕ್ಕದಲ್ಲಿ ರೂಪಾಯಿ ಬಂದರೆ ಹತ್ತು ಸಂಖ್ಯೆ, ಬೆಟ್ಟ ಬಂದರೆ ಕ್ರಿಯೆ ಎಂದು ಯಂತ್ರವು ಸಾವಿರಾರು ವಾಕ್ಯಗಳಲ್ಲಿನ ನೆರೆಹೊರೆಯನ್ನು ಎಣಿಸಿ ತೀರ್ಮಾನಿಸುತ್ತದೆ. ಎಣಿಕೆಯಿಂದ ಭಾಷೆಯನ್ನು ಅರಿಯುವ ಈ ಮಾರ್ಗಕ್ಕೂ ಇತಿಹಾಸವುಂಟು. 1913ರಲ್ಲಿ ರಷ್ಯಾದ ಗಣಿತಜ್ಞ ಮಾರ್ಕೊವ್ ಪುಷ್ಕಿನ್ನನ ಕಾವ್ಯವೊಂದರ ಇಪ್ಪತ್ತು ಸಾವಿರ ಅಕ್ಷರಗಳನ್ನು ಕೈಯಿಂದಲೇ ಎಣಿಸಿ, ಸ್ವರದ ಬಳಿಕ ವ್ಯಂಜನ ಎಷ್ಟು ಬಾರಿ, ವ್ಯಂಜನದ ಬಳಿಕ ಸ್ವರ ಎಷ್ಟು ಬಾರಿ ಬರುತ್ತದೆಂದು ಲೆಕ್ಕಹಾಕಿದನು. 1954ರಲ್ಲಿ ಅಮೆರಿಕೆಯಲ್ಲಿ 250 ಪದಗಳ ಶಬ್ದಕೋಶ ಮತ್ತು ಆರು ನಿಯಮಗಳಿಂದ ರಷ್ಯನ್ ವಾಕ್ಯಗಳನ್ನು ಯಂತ್ರವು ಇಂಗ್ಲಿಷಿಗೆ ತಿರುಗಿಸಿದಾಗ ಕೆಲವೇ ವರ್ಷಗಳಲ್ಲಿ ಎಲ್ಲವೂ ಸಾಧಿಸಿತೆಂದು ಉತ್ಸಾಹ ಹಬ್ಬಿತು. 1966ರ ಹೊತ್ತಿಗೆ ಒಂದು ಸಮಿತಿಯ ವರದಿ ಆ ಉತ್ಸಾಹಕ್ಕೆ ತಣ್ಣೀರೆರಚಿತು. ನಿಯಮಗಳ ಪಕ್ಷ ಮತ್ತು ಎಣಿಕೆಗಳ ಪಕ್ಷ ಅಂದಿನಿಂದ ಒಮ್ಮೆ ಒಂದು ಮೇಲಾಗಿ, ಒಮ್ಮೆ ಮತ್ತೊಂದು ಮೇಲಾಗಿ ನಡೆದುಬಂದಿವೆ. 2017ರ ಬಳಿಕ ಬಂದ ಭಾರೀ ಯಂತ್ರಗಳು ಎಣಿಕೆಯ ಪಕ್ಷಕ್ಕೆ ಸೇರಿದವು. ಕೋಟಿಗಟ್ಟಲೆ ವಾಕ್ಯಗಳನ್ನು ನುಂಗಿ ಅವು ನುಡಿಯುತ್ತವೆ. ಆದರೆ ನುಂಗಲು ವಾಕ್ಯಗಳೇ ಇಲ್ಲದ ಭಾಷೆಯ ಗತಿಯೇನು? ಅದನ್ನು ಮುಂದೆ ನೋಡೋಣ.

ಮಡಿಕೇರಿಯ ವರ್ಷಗಳು 1877ರಲ್ಲಿ ಮುಗಿದವು. ಅಷ್ಟರಲ್ಲಿ ನಾಗವರ್ಮನ ಛಂದಸ್ಸನ್ನು 1875ರಲ್ಲಿಯೂ, ಲಿಂಗಪೂಜೆಯ ಮೂಲವನ್ನು ಕುರಿತ ಜರ್ಮನ್ ಗ್ರಂಥವನ್ನು 1876ರಲ್ಲಿಯೂ ಅವರು ಹೊರತಂದಿದ್ದರು. ಸ್ವದೇಶಕ್ಕೆ ಮರಳಿದರೂ ನಿಘಂಟು ಕೈಬಿಡಲಿಲ್ಲ. ದೂರದ ಜರ್ಮನಿಯಲ್ಲಿ ಕುಳಿತು ಕನ್ನಡದ ಪದಗಳ ಜೀವಂತ ಬಳಕೆಯನ್ನು ಪರೀಕ್ಷಿಸುವುದಾದರೂ ಹೇಗೆ? ಐವತ್ತು ದಾಟಿದ ಮೇಲೆ, 1883ರಲ್ಲಿ, ಅದೊಂದೇ ಕೆಲಸಕ್ಕಾಗಿ ಮತ್ತೆ ಹಡಗೇರಿ ಬಂದರು. ಮಿಷನ್ನಿನ ಹಣಕ್ಕೆ ಸರ್ಕಾರದ ನೆರವೂ ಸೇರಿತ್ತು. ಮತ್ತೂ ಒಂಬತ್ತು ವರ್ಷ ದುಡಿದು 1892ರಲ್ಲಿ ಭಾರತವನ್ನು ಕೊನೆಯ ಬಾರಿಗೆ ಬಿಟ್ಟರು. 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ, 1,752 ಪುಟಗಳ ಹೆಗ್ಗ್ರಂಥ ಹೊರಬಿದ್ದಿತು. ಹೊಣೆ ಹೊತ್ತ ದಿನದಿಂದ ಎಣಿಸಿದರೆ ಇಪ್ಪತ್ತೆರಡು ವರ್ಷ. ಹಣ ಕೊಟ್ಟವರು ಆ ಅವಧಿಯ ಯಾವ ವರ್ಷದಲ್ಲಿ ಬೇಕಾದರೂ ಬೇಸತ್ತು ಕೈತೊಳೆದುಕೊಳ್ಳಬಹುದಾಗಿತ್ತು. ಫಲ ಕಾಣಲು ಎರಡು ದಶಕ ಕಾಯಬೇಕಾದ ಕಾರ್ಯಕ್ಕೆ ಧನ ಸಂದುದನ್ನು ಈ ಸಂಚಿಕೆಯ ದಾನಿ ವಾಚಕರು ವಿಶೇಷವಾಗಿ ಗಮನಿಸುವರೆಂದು ನಂಬಿದ್ದೇನೆ.

ಆ ನಿಘಂಟಿನ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಹೊಸಗನ್ನಡ ಬಿಟ್ಟುಕೊಟ್ಟ ಱ ಮತ್ತು ೞ ಅಕ್ಷರಗಳ ಭೇದವನ್ನು ಕಿಟ್ಟೆಲರು ಕಾಪಾಡಿದರು. ಇಂದು ನಾವು ಕೂಗುವುದನ್ನೂ ಕರೆ ಎನ್ನುತ್ತೇವೆ, ಹಸುವಿನ ಹಾಲು ಹಿಂಡುವುದನ್ನೂ ಕರೆ ಎನ್ನುತ್ತೇವೆ. ಹಳಗನ್ನಡದಲ್ಲಿ ಮೊದಲನೆಯದು ಕರೆ, ಎರಡನೆಯದು ಕಱೆ. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಜೀವಿಸು. ಅಕ್ಷರ ಅಳಿದಾಗ ಎರಡು ಪದಗಳು ಒಂದೇ ಬಟ್ಟೆ ತೊಟ್ಟವು. ಯಂತ್ರಕ್ಕೆ ದ್ವಂದ್ವಾರ್ಥದ ತೊಡಕು ಹೆಚ್ಚಿತು. 1991ರಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಶಿಷ್ಟತೆ ಬಂದಾಗ ಕನ್ನಡವೂ ಅದರಲ್ಲಿ ಸ್ಥಾನ ಪಡೆಯಿತು. ೞ ಅಕ್ಷರಕ್ಕೂ ಮನೆ ದೊರೆಯಿತು. ಆದರೆ ಪಟ್ಟಿ ಮಾಡಿದವರು ಅದನ್ನು ಫ ಎಂಬ ಅಕ್ಷರವೆಂದು ತಪ್ಪಾಗಿ ನಾಮಕರಣ ಮಾಡಿದರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಶಿಷ್ಟತೆಯ ಕಟ್ಟಳೆ. ಹೀಗಾಗಿ ಸರಿಯಾದ ಹೆಸರು ಅಡಿಟಿಪ್ಪಣಿಯಂತೆ ಪಕ್ಕದಲ್ಲಿ ನಿಂತಿದೆ, ತಪ್ಪು ಹೆಸರು ಶಾಶ್ವತವಾಗಿ ಉಳಿದಿದೆ. ಪಟ್ಟಿ ಮಾಡುವ ಹೊತ್ತಿನಲ್ಲಿ ಒಬ್ಬನು ಕಿಟ್ಟೆಲರ ನಿಘಂಟನ್ನು ತೆರೆದು ನೋಡಿದ್ದರೆ ಸಾಕಾಗಿತ್ತು.

ನಿಘಂಟಿನಲ್ಲಿ ದೋಷಗಳಿಲ್ಲವೆಂದಲ್ಲ. ಆಗ ಹಳಗನ್ನಡ ಕಾವ್ಯಗಳಲ್ಲಿ ಬಹುಭಾಗ ಇನ್ನೂ ಅಚ್ಚಾಗಿರಲಿಲ್ಲ. ದೊರೆತ ಹಸ್ತಪ್ರತಿಗಳನ್ನೇ ನೆಚ್ಚಬೇಕಾಗಿತ್ತು. ಸಂಸ್ಕೃತ ಪದಗಳಿಗೆ ಅತಿಯಾದ ಜಾಗ ಸಂದಿದೆ. ಮದ್ರಾಸು ವಿಶ್ವವಿದ್ಯಾನಿಲಯವು ಎಂ. ಮರಿಯಪ್ಪ ಭಟ್ಟರಿಂದ ಅದನ್ನು ಪರಿಷ್ಕರಿಸಿ ಸಂಪುಟಗಳಾಗಿ ಹೊರತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹನ್ನಿಘಂಟಿನ ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ ಹೊರಬಂದುವು. ಇವು ಬಂದ ಮೇಲೆಯೂ ಕಿಟ್ಟೆಲ್ ಕೋಶವನ್ನು ಮೇಜಿನಿಂದ ಎತ್ತಿಡಲು ಯಾರಿಗೂ ಮನಸ್ಸು ಬಂದಿಲ್ಲ.

ಬರಹದ ಸಂಗ್ರಹ ಇಲ್ಲದ ಭಾಷೆಯ ಗತಿಯೇನೆಂದು ಮೇಲೆ ಕೇಳಿದ್ದೆ. ಆ ಪ್ರಶ್ನೆ ಕೊಡಗಿನಲ್ಲಿ ಬರಿಯ ಶಾಸ್ತ್ರಪ್ರಶ್ನೆಯಲ್ಲ. 2011ರ ಜನಗಣತಿಯಲ್ಲಿ ಕೊಡವ ಭಾಷೆಯನ್ನು ತಾಯ್ನುಡಿಯೆಂದು ಬರೆಸಿದವರು 1,13,857 ಮಂದಿ. ಅಳಿವಿನ ಭಯವಿರುವ ಭಾಷೆಗಳ ಪಟ್ಟಿಯಲ್ಲಿ ಯುನೆಸ್ಕೋ ಅದನ್ನು ಸೇರಿಸಿದೆ. ಅದರ ಸ್ವರಗಳಲ್ಲಿ ಕೆಲವಕ್ಕೆ ಕನ್ನಡ ಲಿಪಿಯಲ್ಲಿ ಗುರುತಿಲ್ಲ. ಯಂತ್ರಕ್ಕೆ ಊಡಿಸಲು ಬೇಕಾದಷ್ಟು ಬರಹವೂ ಇಲ್ಲ. ಇಂತಹ ಕಡೆ ಕನ್ನಡದ ನೆರವಿನಿಂದ ಕೊಡವದ ಪದಗಳನ್ನು ಊಹಿಸಬಹುದೆಂದು ಕೆಲವರಿಗೆ ತೋರುವುದು ಸಹಜ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಿದೆ; ಕೊಡವದಲ್ಲಿ ಪಕಾರವೇ ಉಳಿದಿದೆ. ಹಾಲು ಅಲ್ಲಿ ಪಾಲ್, ಹತ್ತು ಅಲ್ಲಿ ಪತ್ತ್. ಈ ನಿಯಮವನ್ನು ಕಲಿತ ಯಂತ್ರವು ಹುಲಿಗೆ ಪುಲಿ ಎನ್ನುವುದು. ಕೊಡವರಾದರೋ ಹುಲಿಯನ್ನು ನರಿ ಎನ್ನುತ್ತಾರೆ. ಹುಲಿಯನ್ನು ಕೊಂದ ವೀರನಿಗೆ ಹಿಂದೆ ನಡೆಯುತ್ತಿದ್ದ ಮದುವೆಯ ಸಂಭ್ರಮಕ್ಕೆ ನರಿಮಂಗಲವೆಂದೇ ಹೆಸರು. ಕನ್ನಡದಿಂದ ಊಹಿಸಹೊರಟ ಯಂತ್ರವು ಆ ವೀರನು ನರಿಯನ್ನು ಹೊಡೆದನೆಂದು ಅನುವಾದಿಸಿ ನಗೆಗೀಡಾಗುವುದು. ನಿಯಮ ಎಲ್ಲಿ ತಪ್ಪುತ್ತದೆಂದು ತಿಳಿಯಲು ಆ ನೆಲದ ಕಿವಿಯೇ ಬೇಕು. ಅಮೆರಿಕೆಯ ಎಮೆನೋ 1930ರ ದಶಕದಲ್ಲಿ ಕೊಡಗಿಗೆ ಬಂದು ಆಡುಗರ ಬಾಯಿಂದ ಕೊಡವ ಪದಗಳನ್ನು ಬರೆದುಕೊಂಡುದರಿಂದಲೇ, ಅವರೂ ಬರ್ರೋ ಅವರೂ ಸೇರಿ 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಕೊಡವಕ್ಕೆ ತನ್ನದೇ ಸಾಲು ದೊರೆಯಿತು. ಆ ಕೋಶದಲ್ಲಿ ಕನ್ನಡದ ಸಾಲನ್ನು ಬಹುಮಟ್ಟಿಗೆ ತುಂಬಿದುದು ಕಿಟ್ಟೆಲರ ನಿಘಂಟು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಎಪ್ಪತ್ತನ್ನು ಮುಟ್ಟಿದ್ದರೂ ಅವರು ವಿಶ್ರಮಿಸಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳೆಂಬ ಮೂರು ಅವಸ್ಥೆಗಳನ್ನೂ ಒಟ್ಟಿಗೆ ವಿವರಿಸುವ ದೊಡ್ಡ ವ್ಯಾಕರಣವೊಂದನ್ನು, ಕೇಶಿರಾಜನ ಸೂತ್ರಗಳನ್ನೇ ಆಧಾರವಾಗಿಟ್ಟುಕೊಂಡು, ಆಂಗ್ಲಭಾಷೆಯಲ್ಲಿ ಬರೆದು ಮುಗಿಸಿದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ದೇಹವಿಟ್ಟರು.

ನಮ್ಮ ಶಾಲೆಗೆ ಬರುವ ಮಕ್ಕಳ ಮನೆಗಳಲ್ಲಿ ಕೊಡವತಕ್ಕ್ ಆಡುವವರಿದ್ದಾರೆ, ಅರೆಭಾಷೆಯವರಿದ್ದಾರೆ, ಶನಿವಾರಸಂತೆ ಕೊಡ್ಲಿಪೇಟೆಗಳ ಕಡೆಯ ಕನ್ನಡದವರಿದ್ದಾರೆ, ತೋಟದ ಲೈನುಗಳಲ್ಲಿ ಯರವರ ನುಡಿಯವರೂ ಇದ್ದಾರೆ. ಗದ್ದೆ, ಏಲಕ್ಕಿ, ಕಾಫಿ, ಜೇನು, ಮಳೆಗಳಿಗೆ ಸಂಬಂಧಿಸಿದ ಅವರ ಮನೆಮಾತುಗಳಲ್ಲಿ ಯಾವ ನಿಘಂಟಿಗೂ ಏರದವು ಇನ್ನೂ ಇವೆ. ಒಂದು ಚೀಟಿಗೆ ಒಂದು ಪದ. ಅದನ್ನು ಆಡಿದ ಊರು, ಅದು ಬಂದ ಒಂದು ಪೂರ್ಣ ವಾಕ್ಯ, ಬರೆದುಕೊಂಡ ದಿನಾಂಕ. ಇಷ್ಟನ್ನು ಒಂಬತ್ತನೆಯ ತರಗತಿಯ ಬಾಲಕನು ಅಜ್ಜಿಯ ಪಕ್ಕದಲ್ಲಿ ಕುಳಿತು ಬರೆಯಬಲ್ಲನು. ಗಣಕಯಂತ್ರಕ್ಕೆ ಅದನ್ನು ಏರಿಸುವ ಕೆಲಸವನ್ನು ವಿಶ್ವವಿದ್ಯಾನಿಲಯಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ಮಾಡಬಹುದು. ಚೀಟಿಗಳಿಗೆ ಒಂದು ಮರದ ಪೆಟ್ಟಿಗೆ, ಅದನ್ನಿಡಲು ವಾಚನಾಲಯದಲ್ಲಿ ಒಂದು ಗೋಡೆ ಬೇಕು. ಬರುವ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ, ಮುಂಗಾರು ಹಿಡಿದು ಮಕ್ಕಳು ಮನೆಯೊಳಗೇ ಇರುವ ದಿನಗಳಲ್ಲಿ, ಇದನ್ನು ಆರಂಭಿಸಬಹುದೆಂದು ಅಧ್ಯಾಪಕ ಮಿತ್ರರ ಮುಂದೆ ಇಡುತ್ತಿದ್ದೇನೆ.